ನೀಲಿ ಸೀಲಿನ ಹನ್ನೊಂದು ದಿನ

ಲಾರಿ ನಿಲ್ಲುವ ಹಾಗೆ ಕಾಣಲಿಲ್ಲ.

ನಾನು ರಸ್ತೆಯ ನಟ್ಟನಡುವೆ ನಿಂತಿದ್ದೆ. ಬಲಗೈ ಮೇಲೆ. ಎಡಗೈಯಲ್ಲಿ ಟಾರ್ಚು. ಮಟಮಟ ಮಧ್ಯಾಹ್ನ ಟಾರ್ಚು ಯಾಕೆ ಅಂತ ಕೇಳಬೇಡಿ. ದೋಣಿಯ ತಳ ನೋಡಲು ಬೇಕಾಗುತ್ತದೆ.

ಹಾರ್ನು... ಒಂದೇ ಸಮನೆ ಹಾರ್ನು. ನೂರು ಅಡಿ. ಅರವತ್ತು. ಮೂವತ್ತು!

ನಾನು ಕದಲಲಿಲ್ಲ. ಧೈರ್ಯ ಗೀರ್ಯ ಏನಿಲ್ಲ. ಹದಿನೆಂಟು ವರ್ಷ ಟ್ರಾಫಿಕ್ ಪೊಲೀಸಾಗಿ ಬಿಸಿಲಲ್ಲಿ ನಿಂತವಳ ಮಂಡಿ ಹೇಗಿರುತ್ತದೆ ಅಂತ ನಿಮಗೆ ಗೊತ್ತಿಲ್ಲ. ಹಾರಿ ಪಕ್ಕಕ್ಕೆ ಸರಿಯುವುದು ನನ್ನ ಕೈಲಾಗುವ ಕೆಲಸವಲ್ಲ.

ಬ್ರೇಕು ಚೀರಿತು. ಸುಟ್ಟ ರಬ್ಬರಿನ ವಾಸನೆ. ಬಂಪರು ನನ್ನ ಸೊಂಟದ ಬೆಲ್ಟಿಗೆ ತಾಗಿ ನಿಂತಿತು.

"ಇಳಿ," ಅಂದೆ.

ಡ್ರೈವರು ಇಳಿದ. ಮುಖ ಬಿಳಿಚಿತ್ತು. ಪಕ್ಕದ ಸೀಟಿನಿಂದ ಇನ್ನೊಬ್ಬ ಇಳಿದ. ಅವನಿಗೆ ಏನೂ ಆಗಿರಲಿಲ್ಲ. ಬಿಳಿ ಶೂ, ಇಸ್ತ್ರಿ ಮಾಡಿದ ಶರ್ಟು. ಅವನನ್ನು ಎಲ್ಲರೂ ಕತ್ತರಿ ಅನ್ನುತ್ತಾರೆ. ಕೆರೆಯ ಕಳೆ ಕೊಯ್ಯುವ ಕಂಟ್ರಾಕ್ಟರು. ಲಾರಿಯ ಮೇಲೆ ಕೂತಿದ್ದುದು ಅವನ ಯಂತ್ರವೇ. ಮೂವತ್ತು ಅಡಿ ಉದ್ದದ ಚಪ್ಪಟೆ ದೋಣಿ, ಮುಂದೆ ಬಾಚಣಿಗೆಯಂಥ ಬ್ಲೇಡು, ಕೊಯ್ದ ಕಳೆಯನ್ನು ಮೇಲಕ್ಕೆ ಸಾಗಿಸುವ ಬೆಲ್ಟು.

ನಾನು ಯಾರು ಅಂತ ಹೇಳಲಿಲ್ಲ ಅಲ್ಲವೇ... ಈಗ ಕೆರೆ ಇಲಾಖೆಯ ತಪಾಸಣಾಧಿಕಾರಿ. ಎರಡು ಕೆರೆಗಳ ನಡುವಿನ ರಸ್ತೆಯಲ್ಲಿ ನನಗೊಂದು ಗೇಟು, ಒಬ್ಬ ಗೇಟ್‌ಮನ್, ಒಂದು ಹಳೇ ಜೀಪು, ಗೂಡಿನಂಥ ಒಂದು ಕೋಣೆ. ಕೆಳಗಿನ ಕೆರೆಯಿಂದ ಹೊರಟ ಯಾವ ದೋಣಿಯೂ ತೊಳೆಯದೆ ಮೇಲಿನ ಕೆರೆಗೆ ಹೋಗಬಾರದು. ಅಷ್ಟೇ ಕೆಲಸ. ಜನ ನನ್ನನ್ನು ಪಾಚಿ ಮೇಡಂ ಅನ್ನುತ್ತಾರೆ. ಬೆನ್ನ ಹಿಂದೆ. ಧೈರ್ಯ ಇದ್ದವರು ಎದುರಿಗೇ.

ಕೆಳಗಿನ ಕೆರೆಗೆ ಹೊರಗಿನ ಪಾಚಿ ಬಿದ್ದು ಮೂರು ವರ್ಷ. ನಕ್ಷತ್ರ ಪಾಚಿ ಅಂತ ಕರೆಯುತ್ತೇವೆ. ಅದರ ಬುಡದಲ್ಲಿ ಅಕ್ಕಿಕಾಳಿನಷ್ಟು ಗಾತ್ರದ ಬಿಳಿ ಗೆಡ್ಡೆಗಳಿರುತ್ತವೆ. ಥೇಟ್ ನಕ್ಷತ್ರದ ಆಕಾರ. ನೋಡಲು ಚಂದ. ಒಂದೇ ಒಂದು ನಕ್ಷತ್ರ ಹೊಸ ನೀರಿಗೆ ಬಿದ್ದರೆ ಸಾಕು! ಎರಡು ವರ್ಷದಲ್ಲಿ ಕೆರೆಯ ತಳಕ್ಕೆ ಹಾಸಿಗೆ ಹಾಸಿದ ಹಾಗೆ. ಮೀನು ಮೊಟ್ಟೆಯಿಡಲು ಜಾಗವಿಲ್ಲ. ಹುಟ್ಟು ಹಾಕಿದರೆ ಹುಟ್ಟೇ ಮೇಲೆ ಬರುವುದಿಲ್ಲ. ನನ್ನ ಅಣ್ಣ ಅಲ್ಲಿ ಮೀನು ಹಿಡಿಯುತ್ತಿದ್ದ. ಈಗ ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆಗಳಿಗೆ ಟೇಪು ಅಂಟಿಸುತ್ತಾನೆ.

ಮೇಲಿನ ಕೆರೆ ಇನ್ನೂ ಶುದ್ಧ. ಊರಿಗೆಲ್ಲ ಕುಡಿಯುವ ನೀರು ಅಲ್ಲಿಂದಲೇ. ಅದರಿಂದ ಹೊರಡುವ ಕಾಲುವೆ ಗುಡ್ಡದಾಚೆಯ ನದಿಗೂ ಸೇರುತ್ತದೆ.

ನೀರು ಮೇಲಕ್ಕೆ ಹರಿಯುವುದಿಲ್ಲ. ಕೆಳಗಿನ ಪಾಚಿ ಮೇಲಕ್ಕೆ ಹೋಗಬೇಕಾದರೆ ಯಾರಾದರೂ ಹೊತ್ತುಕೊಂಡೇ ಹೋಗಬೇಕು.

ಹೊತ್ತುಕೊಂಡು ಹೋಗುವವರಿಗೇನು ಬರವೇ...

"ಸೀಲ್ ಇದೆ ಮೇಡಂ. ನೋಡ್ಕೊಳ್ಳಿ," ಅಂದ ಕತ್ತರಿ.

ಇತ್ತು. ನೀಲಿ ಪ್ಲಾಸ್ಟಿಕ್ ಸೀಲು, ಬ್ಲೇಡಿನ ಕಂಬಿಗೆ ಬಿಗಿದಿತ್ತು. ಇವತ್ತಿನ ತಾರೀಕು. ಕೆಳಗಿನ ಕೆರೆಯ ದಡದಲ್ಲಿ ನಮ್ಮದೊಂದು ತೊಳೆಯುವ ಕಟ್ಟೆ ಇದೆ. ಅಲ್ಲಿ ಬಾಯ್ಲರಿನ ಬಿಸಿನೀರನ್ನು ಜೋರಾಗಿ ಹೊಡೆದು ದೋಣಿ ತೊಳೆಯುತ್ತಾರೆ. ತೊಳೆದ ಮೇಲೆ ಈ ಸೀಲು. ಬಿಸಿನೀರು ಇಲ್ಲದಿದ್ದರೆ ಐದು ದಿನ ಬಿಸಿಲಲ್ಲಿ ಒಣಗಿಸಬೇಕು. ಮೂರನೇ ದಾರಿ ಇಲ್ಲ.

ನಾನು ಲಾರಿಯ ಮೇಲೆ ಹತ್ತಿದೆ. ಮಂಡಿ ಬೈಯಿತು. ಬೆಲ್ಟಿನ ಸಂದಿಯಲ್ಲಿ ಕೈ ಹಾಕಿದೆ. ಒದ್ದೆ. ಬೆರಳಿಗೆ ಹಸಿರು ಎಳೆಗಳು ಸುತ್ತಿಕೊಂಡು ಬಂದವು, ಮೀನಿನ ನಾತದ ಜೊತೆ. ಎಳೆಗಳ ತುದಿಗೆ ಟಾರ್ಚು ಬಿಟ್ಟೆ.

ಬಿಳಿ ನಕ್ಷತ್ರಗಳು. ಒಂದು, ಎರಡು, ಏಳು...

ಸೀಲಿನ ಮೇಲೆ ಇವತ್ತಿನ ತಾರೀಕು! ಬಾಯ್ಲರು ಕೆಟ್ಟು ಹನ್ನೊಂದು ದಿನವಾಗಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಅದರ ಬಿಡಿಭಾಗಕ್ಕೆ ಮೂರು ಸಲ ಪತ್ರ ಬರೆದವಳು ನಾನೇ. ಅದೇ ಹನ್ನೊಂದು ದಿನ ಇಲಾಖೆಯ ದೊಡ್ಡ ಸಾಹೇಬರು ನನ್ನನ್ನು ಆಫೀಸಿನಲ್ಲಿ ಕೂರಿಸಿ ವಾರ್ಷಿಕ ವರದಿ ಬರೆಸಿದ್ದರು. ಗೇಟಿಗೆ ಬಂದಿದ್ದು ಇವತ್ತೇ. ದೋಣಿಗಳೆಲ್ಲ ಬಿಸಿಲಲ್ಲಿ ಒಣಗುತ್ತಿವೆ ಅಂತ ನಂಬಿದ್ದೆ.

ಈ ಸೀಲನ್ನು ಯಾರು ಹಾಕಿದರು ಅನ್ನುವ ಪ್ರಶ್ನೆಯೇ ಇರಲಿಲ್ಲ. ಸೀಲಿನ ಕಟ್ಟು ಒಬ್ಬನ ಹತ್ತಿರ ಮಾತ್ರ ಇರುತ್ತದೆ. ತೊಳೆಯುವ ಕಟ್ಟೆಯ ಕೆಲಸಗಾರನ ಹತ್ತಿರ.

ಅವನು ನನ್ನ ಸೋದರಮಾವ.

ಹಸಿರು ಎಳೆಗಳನ್ನು ಕೈಯಲ್ಲೇ ಹಿಡಿದು ಕೆಳಗಿಳಿದೆ. ಲಾರಿ ಮುಂದೆ ಹೋಗುವಂತಿಲ್ಲ ಅಂದೆ. ಕತ್ತರಿ ಸಿಟ್ಟಾಗಲಿಲ್ಲ. ಅದೇ ಅವನ ಅಪಾಯ. ನಾಳೆ ಮೇಲಿನ ಕೆರೆಯ ಪಂಪ್‌ಹೌಸಿಗೆ ಸರ್ಕಾರದ ದೊಡ್ಡವರು ಬರುತ್ತಾರೆ, ನೀರೆಳೆಯುವ ಬಾಯಿಯ ಹತ್ತಿರದ ಜೊಂಡು ಇವತ್ತು ಸಂಜೆಯೊಳಗೆ ಕೊಯ್ಯಬೇಕು, ಆರ್ಡರು ನಿಮ್ಮ ಆಫೀಸಿನದೇ ಅಂತ ವಿವರವಾಗಿ ಹೇಳಿದ. ಆಮೇಲೆ ಸ್ವರ ತಗ್ಗಿಸಿದ.

"ನಿಮ್ಮ ಜಾಗದಲ್ಲಿ ಒಂದು ಕ್ಯಾಮೆರಾ ಇಟ್ರೂ ನಡೆಯುತ್ತೆ ಮೇಡಂ. ಕ್ಯಾಮೆರಾ ವಾದ ಮಾಡಲ್ಲ. ಯೋಚನೆ ಮಾಡಿ."

"ಕ್ಯಾಮೆರಾಗೆ ಕೈ ಇರಲ್ಲ," ಅಂದೆ. ಲಾರಿಯ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡೆ.

ಅವನು ದೊಡ್ಡ ಸಾಹೇಬರಿಗೆ ಫೋನು ಮಾಡಿ ನನ್ನ ಕಿವಿಗೆ ಹಿಡಿದ. ಸಾಹೇಬರಿಗೆ ನನ್ನ ಮಾತು ಪೂರ್ತಿ ಕೇಳುವ ಅಭ್ಯಾಸವಿಲ್ಲ. ಪಾಚಿ ನನ್ನ ಕೈಯಲ್ಲೇ ಇದೆ ಅಂದೆ. ಕೆರೆಯಲ್ಲಿ ಪಾಚಿ ಇರದೆ ಇನ್ನೇನಿರುತ್ತದೆ ಅಂದರು. ಬಾಯ್ಲರು ತಣ್ಣಗಿದೆ ಅಂದೆ.

"ಸೀಲ್ ಇದೆಯೋ ಇಲ್ವೋ ಅಷ್ಟು ಹೇಳಿ."

"ಇದೆ ಸಾರ್. ಆದ್ರೆ..."

"ಸೀಲ್ ಇದೆ ಅಂದ್ರೆ ತೊಳೆದಾಗಿದೆ. ಅದಕ್ಕೇ ಅಲ್ವೇನ್ರೀ ಸೀಲ್ ಅಂತ ಮಾಡಿರೋದು?"

ಯಂತ್ರ ಇನ್ನೂ ಒದ್ದೆ ಇದೆ ಅಂತ ಪಟ್ಟು ಹಿಡಿದೆ. ಕೊನೆಗೆ ಒಂದು ಗಂಟೆ ಕೊಟ್ಟರು. ತೊಳೆದಿಲ್ಲ ಅಂತ ಸೀಲು ಹಾಕಿದವನ ಕೈಯಿಂದಲೇ ಬರೆಸಿ ತಂದರೆ ಸರಿ. ಇಲ್ಲದಿದ್ದರೆ ಲಾರಿ ಬಿಡಬೇಕು, ಕಂಟ್ರಾಕ್ಟರಿಗೆ ನಾನೇ ಕ್ಷಮಾಪಣೆ ಪತ್ರ ಬರೆಯಬೇಕು.

ಗೇಟ್‌ಮನ್‌ಗೆ ಅಡ್ಡಪಟ್ಟಿ ಇಳಿಸಲು ಹೇಳಿ ಜೀಪು ಹತ್ತಿದೆ.

ಮಾವನ ಕೈಯಿಂದ ಬರೆಸುವುದು... ಎಷ್ಟು ಸುಲಭವಾಗಿ ಹೇಳಿಬಿಟ್ಟರು! ಅಪ್ಪ ತೀರಿಕೊಂಡಾಗ ನನಗೆ ಆರು ವರ್ಷ. ಅಣ್ಣನನ್ನೂ ನನ್ನನ್ನೂ ಸಾಕಿದ್ದು ಈ ಮಾವ. ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ಕೆಲಸ ಮಾಡಿ, ಮದುವೆಯನ್ನೂ ಮಾಡಿಕೊಳ್ಳದೆ. ಕಾರ್ಖಾನೆ ಮುಚ್ಚಿದ ಮೇಲೆ ಸುಮ್ಮನೆ ಕೂತಿದ್ದವನಿಗೆ ಈ ಕೆಲಸ ಕೊಡಿಸಿದವಳು ನಾನು. ಇಷ್ಟು ನಂಬಿಕಸ್ಥ ಮನುಷ್ಯ ಇನ್ನೊಬ್ಬ ಸಿಗುವುದಿಲ್ಲ ಅಂತ ಬಾಯಿಬಿಟ್ಟು ಹೇಳಿದ್ದೆ. ಮೊನ್ನೆ ಫೋನಿನಲ್ಲಿ ಕೇಳಿದಾಗ ಎಲ್ಲ ಸರಿ ಇದೆ ಅಂದಿದ್ದ.

ಕಟ್ಟೆಯಲ್ಲಿ ಯಾರೂ ಇರಲಿಲ್ಲ. ಅವಸರದಲ್ಲಿ ಜೀಪನ್ನು ನೀರಿನ ಅಂಚಿನ ಕೆಸರಿನವರೆಗೂ ನುಗ್ಗಿಸಿ ನಿಲ್ಲಿಸಿದೆ. ಮೊದಲು ಬಾಯ್ಲರು ಮುಟ್ಟಿ ನೋಡಿದೆ. ಹೆಣದ ಹಾಗೆ ತಣ್ಣಗಿತ್ತು. ರಬ್ಬರು ಪೈಪು ಸುರುಳಿ ಸುತ್ತಿ ಗೋಡೆಗೆ ನೇತುಹಾಕಿತ್ತು. ಅದರ ಮೇಲೆ ಜೇಡ ಬಲೆ ಕಟ್ಟಿತ್ತು. ಬಲೆಯೂ ಹಳೆಯದಾಗಿತ್ತು.

ಹಿಂದಿನ ಕೋಣೆಯಲ್ಲಿ ಮಾವ ಮಂಚದ ಮೇಲೆ ಕೂತಿದ್ದ. ನನ್ನ ಜೀಪಿನ ಸದ್ದು ಅವನಿಗೆ ಗೊತ್ತು. ಎದ್ದು ಬರಲಿಲ್ಲ. ಎಡಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು.

"ಎಷ್ಟು ಮಾವ?"

"ಎಪ್ಪತ್ಮೂರು," ಅಂದ. ತಡವರಿಸಲಿಲ್ಲ.

ಎಪ್ಪತ್ತಮೂರು ಸೀಲು! ಹನ್ನೊಂದು ದಿನಕ್ಕೆ!

ಕೂಗಾಡಬೇಕು ಅಂತ ಬಂದಿದ್ದೆ. ಸ್ಟೂಲು ಎಳೆದು ಕೂತೆ. ಅವನು ನೆಲ ನೋಡುತ್ತಾ ಹೇಳುತ್ತ ಹೋದ. ಮೊದಲ ಎರಡು ದಿನ ಬಂದವರನ್ನೆಲ್ಲ ವಾಪಸು ಕಳಿಸಿದನಂತೆ. ಬೈಸಿಕೊಂಡನಂತೆ. ಮೂರನೇ ದಿನ ದೊಡ್ಡ ಸಾಹೇಬರ ಫೋನು... ಸೀಲು ಕೊಡಲು ಆಗದ ಕಟ್ಟೆ ಯಾಕಿರಬೇಕು, ಮುಚ್ಚಿಬಿಡೋಣ ಅಂತ. ಐದನೇ ದಿನ ಕತ್ತರಿ ತನ್ನ ಇನ್ನೊಂದು ದೋಣಿಗೆ ಸೀಲು ಕೇಳಿಕೊಂಡು ಬಂದ. ಮೇಜಿನ ಡ್ರಾಯರಿನಲ್ಲಿ ಸೀಲಿನ ಕಟ್ಟು ಇತ್ತು. ಮಾವ ಕೈ ಅಡ್ಡ ಇಟ್ಟ. ಕತ್ತರಿ ಡ್ರಾಯರು ಮುಚ್ಚಿದ. ಕೈ ತೆಗೆಯುವವರೆಗೂ ಕಾಯಲಿಲ್ಲ.

"ಅವನಿಗೆ ಒಂದು ಸಲ ಕೊಟ್ಟ ಮೇಲೆ ಉಳಿದೋರಿಗೆ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ ಪುಟ್ಟಿ. ತಣ್ಣೀರಲ್ಲಿ ಒರೆಸಿದೀನಿ. ಕೈಲಾದಷ್ಟು ಒರೆಸಿದೀನಿ."

ನನಗೆ ನಲವತ್ತೇಳು. ಇವನೊಬ್ಬ ಇನ್ನೂ ಪುಟ್ಟಿ ಅನ್ನುತ್ತಾನೆ.

"ನನಗ್ಯಾಕೆ ಹೇಳಲಿಲ್ಲ?"

"ನಿನ್ನ ಮಾತಿನ ಮೇಲೆ ಕೊಟ್ಟ ಕೆಲಸ ಅಲ್ವಾ."

ಪಿತ್ತ ನೆತ್ತಿಗೇರಿತು. ಕತ್ತರಿಯ ಮೇಲಲ್ಲ, ಸಾಹೇಬರ ಮೇಲೂ ಅಲ್ಲ. ಈ ಮುದುಕನ ಮೇಲೆ! ನನ್ನ ಮಾನ ಉಳಿಸಲು ಹೋಗಿ ಒಂದಿಡೀ ಕೆರೆಯನ್ನು ಒತ್ತೆ ಇಟ್ಟಿದ್ದ. ಜೇಬಿನಿಂದ ಕಾಗದ ತೆಗೆದು ಮುಂದೆ ಹಿಡಿದೆ. ತೊಳೆದಿಲ್ಲ ಅಂತ ಬರೆದು ಸಹಿ ಹಾಕು ಅಂದೆ. ಬರೆದರೆ ಕೆಲಸ ಹೋಗುತ್ತದೆ, ಕೇಸು ಬೀಳುತ್ತದೆ ಅಂತ ಇಬ್ಬರಿಗೂ ಗೊತ್ತಿತ್ತು. ಅವನು ಕಾಗದ ನೋಡಿದ. ನನ್ನನ್ನು ನೋಡಿದ. ಪೆನ್ನು ಹುಡುಕುವ ನೆವದಲ್ಲಿ ದಿಂಬಿನ ಕೆಳಗೆ ಕೈಯಾಡಿಸಿದ.

ಆಗ ನನ್ನ ಫೋನು ಹೊಡೆದುಕೊಂಡಿತು. ಗೇಟ್‌ಮನ್. ಕತ್ತರಿಯ ಹತ್ತಿರ ಇನ್ನೊಂದು ಕೀಲಿ ಇತ್ತಂತೆ. ಅಡ್ಡಪಟ್ಟಿ ಮುರಿದುಕೊಂಡು ಲಾರಿ ಹೋಗಿ ಐದು ನಿಮಿಷವಾಯಿತಂತೆ.

ಹಾಳಾಗಿ ಹೋಗಲಿ!

ಓಡಿದೆ. ಓಡುವುದೆಂದರೆ ಕುಂಟುವುದು. ಜೀಪು ಸ್ಟಾರ್ಟ್ ಮಾಡುವಷ್ಟರಲ್ಲಿ ಪಕ್ಕದ ಬಾಗಿಲು ತೆಗೆದು ಮಾವ ಹತ್ತಿ ಕೂತಿದ್ದ. ಎದೆಗೆ ಒಂದು ನೋಟ್‌ಪುಸ್ತಕ ಒತ್ತಿಕೊಂಡಿದ್ದ. ಇಳಿ ಅಂದೆ. ಇಳಿಯಲಿಲ್ಲ. ವಾದಕ್ಕೆ ಸಮಯವಿರಲಿಲ್ಲ.

ಲಾರಿ ದೊಡ್ಡ ರಸ್ತೆಯಲ್ಲೇ ಹೋಗಬೇಕು. ಗೇಟಿನಿಂದ ಗುಡ್ಡ ಸುತ್ತಿಕೊಂಡು ಇಪ್ಪತ್ತೆರಡು ಕಿಲೋಮೀಟರು. ನನಗೆ ಕಲ್ಲುಕ್ವಾರಿಯ ದಾರಿ ಇತ್ತು. ಒಂಬತ್ತು ಕಿಲೋಮೀಟರು... ಅದನ್ನು ದಾರಿ ಅನ್ನುವುದಾದರೆ.

ಎರಡನೇ ಗೇರು. ಹಳ್ಳ. ಮೂರನೇ ಗೇರು. ಮತ್ತೆ ಎರಡು. ತಲೆ ಟಾಪಿಗೆ ಬಡಿಯಿತು. ಕಲ್ಲುಪುಡಿ ಬಿಳಿ ಮೋಡವಾಗಿ ಒಳಗೆ ನುಗ್ಗಿತು. ತಿರುವಿನಲ್ಲಿ ಎದುರಿಗೆ ಜಲ್ಲಿ ತುಂಬಿದ ಟಿಪ್ಪರು! ಒಂದು ಕಡೆ ಬಂಡೆ, ಒಂದು ಕಡೆ ಕ್ವಾರಿಯ ಗುಂಡಿ. ನಿಲ್ಲಿಸಿದರೆ ಹಿಂದೆ ಹೋಗಬೇಕು. ಹಿಂದೆ ಹೋದರೆ ಮುಗಿಯಿತು. ನಾನು ಬಂಡೆಗೆ ಅಂಟಿಕೊಂಡು ನುಗ್ಗಿಸಿದೆ. ಟಿಪ್ಪರಿನವನು ಹೆದರಿ ಬ್ರೇಕು ಒತ್ತಿದ. ನನ್ನ ಕಡೆಯ ಕನ್ನಡಿ ಚೂರಾಗಿ ತೊಡೆಯ ಮೇಲೆ ಬಿತ್ತು. ಬಾಗಿಲು ಉದ್ದಕ್ಕೂ ಉಜ್ಜಿತು... ದಾಟಿದೆವು.

ಮಾವ ಕಣ್ಣು ಮುಚ್ಚಿಕೊಂಡಿದ್ದ.

"ಬದುಕಿದೀಯಾ?" ಅಂತ ಕೇಳಿದೆ.

"ನೀನು ರಸ್ತೆ ನೋಡು," ಅಂದ.

ಮೇಲಿನ ಕೆರೆ ಕಂಡಿತು. ನಿಮಗೆ ಹೇಗೆ ಹೇಳಲಿ... ದಡದಲ್ಲಿ ನಿಂತರೆ ಹತ್ತು ಅಡಿ ಆಳದ ಕಲ್ಲುಗಳನ್ನು ಎಣಿಸಬಹುದು. ಪಂಪ್‌ಹೌಸಿನ ಪಕ್ಕದಲ್ಲಿ ದೋಣಿ ಇಳಿಸುವ ಕಾಂಕ್ರೀಟ್ ಇಳಿಜಾರು. ಅಷ್ಟು ದೊಡ್ಡ ಯಂತ್ರ ಇಳಿಸಲು ಇರುವುದು ಅದೊಂದೇ. ನಾಲ್ಕು ಜನ ಟೀ ಕುಡಿಯುತ್ತ ನಿಂತಿದ್ದರು. ಲಾರಿ ಇನ್ನೂ ಬಂದಿರಲಿಲ್ಲ. ನಾನು ಜೀಪನ್ನು ಇಳಿಜಾರಿಗೆ ಅಡ್ಡಲಾಗಿ ನಿಲ್ಲಿಸಿ ಹ್ಯಾಂಡ್‌ಬ್ರೇಕು ಎಳೆದೆ.

ಮೂರು ನಿಮಿಷ. ಲಾರಿಯ ಸದ್ದು.

ಡ್ರೈವರು ಜೀಪು ನೋಡಿ ನಿಲ್ಲಿಸಿದ. ಕತ್ತರಿ ಅವನ ಭುಜದ ಮೇಲೆ ಕೈಯಿಟ್ಟು ಏನೋ ಹೇಳುತ್ತಿದ್ದುದು ಗಾಜಿನಲ್ಲಿ ಕಂಡಿತು. ಲಾರಿ ನಿಧಾನವಾಗಿ ಮುಂದೆ ಬಂತು. ಬಂಪರು ನನ್ನ ಬಾಗಿಲಿಗೆ ಒರಗಿತು. ತಗಡು ಒಳಕ್ಕೆ ಬಾಗಿತು. ಜೀಪು ಅಡ್ಡಡ್ಡ ಜಾರತೊಡಗಿತು.

ನಾನು ಬ್ರೇಕಿನ ಮೇಲೆ ಎರಡೂ ಕಾಲಿಟ್ಟು ನಿಂತೇಬಿಟ್ಟೆ. ಒಂದು ಅಡಿ ಜಾರಿತು. ಇನ್ನೊಂದು ಅಡಿ. ತಳ್ಳಲಿ, ಜೀಪು ನೀರಿಗೆ ಬಿದ್ದರೆ ಬೀಳಲಿ, ಅಡ್ಡ ಬಿದ್ದ ಜೀಪಿನ ಮೇಲೆ ಯಂತ್ರ ಇಳಿಸಲು ಆಗುವುದಿಲ್ಲವಲ್ಲ ಅಂದುಕೊಂಡೆ. ಒಳ್ಳೆಯ ಲೆಕ್ಕಾಚಾರ ಅನ್ನಿಸಿತು. ನನಗೆ ಈಜಲು ಬರುತ್ತದೆ.

"ಪುಟ್ಟಿ. ನಿನ್ನ ಟೈರು," ಅಂದ ಮಾವ.

ಏನು ಟೈರು?

ಆಮೇಲೆ ಹೊಳೆಯಿತು. ಅರ್ಧ ಗಂಟೆಯ ಹಿಂದೆ ಈ ಜೀಪನ್ನು ಕೆಳಗಿನ ಕೆರೆಯ ಕೆಸರಿನಲ್ಲಿ ನಿಲ್ಲಿಸಿದ್ದೆ. ನಾಲ್ಕೂ ಟೈರಿನ ಸಂದಿಯಲ್ಲಿ ಆ ಕೆಸರು. ಕೆಸರಿನೊಳಗೆ ಎಷ್ಟು ನಕ್ಷತ್ರ... ಯಾರಿಗೆ ಗೊತ್ತು! ಕತ್ತರಿಯ ಯಂತ್ರವನ್ನು ತಡೆಯಲು ನಾನೇ ಪಾಚಿ ಹೊತ್ತು ತಂದು ನೀರಿನ ಬಾಯಿಗೆ ಇಟ್ಟಿದ್ದೆ. ನಾನು! ಪಾಚಿ ಮೇಡಂ!

ಟೈರಿಗೂ ನೀರಿಗೂ ನಡುವೆ ನಾಲ್ಕು ಅಡಿ. ಮೂರೂವರೆ.

ಮಾವ ತನ್ನ ಕಡೆಯ ಬಾಗಿಲು ತೆಗೆದು ಇಳಿದ. ಅದು ನೀರಿನ ಕಡೆ. ನೋಟ್‌ಪುಸ್ತಕವನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡ. ಜೀಪಿಗೂ ನೀರಿಗೂ ನಡುವೆ ನಿಂತು ಎರಡು ಕೈಯನ್ನೂ ಬಾಗಿಲಿನ ಕಂಬಿಗೆ ಒತ್ತಿದ. ಅರವತ್ತೆಂಟು ವರ್ಷದ ಮನುಷ್ಯ. ಅವನ ಎರಡು ಬೆರಳು ಮೊದಲೇ ಜಜ್ಜಿಹೋಗಿದ್ದವು. ಲಾರಿಯನ್ನು ತಡೆಯುತ್ತೇನೆ ಅಂತ ಅವನು ನಿಜವಾಗಿ ಅಂದುಕೊಂಡಿದ್ದನೋ ಏನೋ. ಜೀಪು ಇನ್ನೊಂದು ಗೇಣು ಜಾರಿತು. ಅವನ ಚಪ್ಪಲಿ ಕಾಂಕ್ರೀಟಿನ ಮೇಲೆ ಕಿರ್ರೆಂದಿತು.

"ಮಾವ, ಪಕ್ಕಕ್ಕೆ ಬಾ."

ಅವನು ಬರಲಿಲ್ಲ. ತಲೆ ಎತ್ತಿ, ಜೀಪಿನ ಮೇಲಿನಿಂದ ಲಾರಿಯ ಡ್ರೈವರನ್ನೇ ನೋಡುತ್ತಿದ್ದ.

ಡ್ರೈವರು ನೋಡಿದ. ಎತ್ತರದ ಸೀಟಿನಿಂದ ಅವನಿಗೆ ಎಲ್ಲ ಕಾಣುತ್ತಿತ್ತು... ಜೀಪಿನ ಟಾಪು, ಅದರಾಚೆ ಒಂದು ಬಿಳಿತಲೆ, ಅದರಾಚೆ ನೀರು. ಇಂಜಿನ್ನು ನಿಂತಿತು. ಡ್ರೈವರು ಕೀಲಿ ತೆಗೆದು ಇಳಿದ. ಕತ್ತರಿ ಹಿಂದಿನಿಂದ ಏನೇನೋ ಬೈದ.

"ಮುದುಕರ ಮೇಲೆ ಹತ್ತಿಸೋಕೆ ನಾನು ಕೆಲಸಕ್ಕೆ ಸೇರಿಲ್ಲ ಸಾರ್," ಅಂದ ಡ್ರೈವರು. ದಡದ ಕಲ್ಲಿನ ಮೇಲೆ ಹೋಗಿ ಕೂತುಬಿಟ್ಟ.

ಪಂಪ್‌ಹೌಸಿನವರು ಟೀ ಲೋಟ ಹಿಡಿದೇ ಓಡಿ ಬಂದಿದ್ದರು. ಕತ್ತರಿಗೆ ಜನ ಸೇರಿದ್ದು ಅನುಕೂಲವೇ ಅನ್ನಿಸಿರಬೇಕು. ಸಾವಕಾಶವಾಗಿ ಇಳಿದು, ನೀಲಿ ಸೀಲನ್ನು ಎಲ್ಲರಿಗೂ ತೋರಿಸಿದ. ಸರ್ಕಾರದ ಸೀಲಿದ್ದರೂ ಈ ಹೆಂಗಸು ಕಾಲು ಕೆರೆದು ಜಗಳಕ್ಕೆ ಬರುತ್ತಿದ್ದಾಳೆ, ನಾಳೆ ದೊಡ್ಡವರು ಬಂದಾಗ ಜೊಂಡು ಹಾಗೇ ಇದ್ದರೆ ಉತ್ತರ ಕೊಡುವವರು ಯಾರು ಅಂತ ಕೇಳಿದ. ಅವರು ನನ್ನ ಮುಖ ನೋಡಿದರು. ಹೇಳಬೇಕಾದ ಮಾತು ನನ್ನದಾಗಿರಲಿಲ್ಲ.

ಮಾವ ಜೀಪು ಸುತ್ತಿಕೊಂಡು ಬಂದ. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ಆ ಸೀಲ್ ಹಾಕಿದ್ದು ನಾನು," ಅಂದ. "ಈ ಮಷೀನ್ ತೊಳೆದಿಲ್ಲ. ಹನ್ನೊಂದು ದಿನದಿಂದ ಯಾವ ದೋಣೀನೂ ತೊಳೆದಿಲ್ಲ. ಎಲ್ಲಾ ಬರೆದಿಟ್ಟಿದೀನಿ."

ಅಂಗಿಯೊಳಗಿನಿಂದ ನೋಟ್‌ಪುಸ್ತಕ ತೆಗೆದ. ನನ್ನ ಕೈಗೆ ಕೊಡಲಿಲ್ಲ. ಅಕ್ಕನ ಮಗಳ ಕೈಗೆ ಕೊಟ್ಟರೆ ನಾಳೆ ಅದಕ್ಕೆ ಬೆಲೆಯಿರುವುದಿಲ್ಲ ಅಂತ ಅವನಿಗೆ ಹೊಳೆದಿತ್ತು. ನನಗೆ ಹೊಳೆದಿರಲಿಲ್ಲ. ಪಂಪ್ ಆಪರೇಟರನ ಕೈಗೆ ಕೊಟ್ಟ. ಆಪರೇಟರು ಪುಟ ತಿರುವಿ ಗಟ್ಟಿಯಾಗಿ ಓದಿದ. ಸೀಲಿನ ನಂಬರು, ದೋಣಿಯವನ ಗುರುತು, ಹೋದ ಜಾಗ. ಪ್ರತಿಯೊಂದರ ಮುಂದೆಯೂ ಒಂದೇ ಪದ, ಗುಂಡಗಿನ ಅಕ್ಷರದಲ್ಲಿ: ತಣ್ಣೀರು. ತಣ್ಣೀರು. ತಣ್ಣೀರು...

ಕತ್ತರಿಯ ಬಿಳಿ ಶೂ ಎರಡು ಹೆಜ್ಜೆ ಹಿಂದೆ ಹೋದವು. ಕೊನೆಯ ಪುಟದಲ್ಲಿ ಅವನ ಯಂತ್ರವಿತ್ತು.

ಆಪರೇಟರು ಪುಸ್ತಕ ಮಡಿಚಿ ಒಳಗಿಟ್ಟು ಪಂಪ್‌ಹೌಸಿನ ಕಬ್ಬಿಣದ ಬಾಗಿಲಿಗೆ ಬೀಗ ಜಡಿದ. ಇಳಿಜಾರಿನ ಸರಪಳಿಗೂ ಜಡಿದ. ನಾಳೆ ಬರುವ ದೊಡ್ಡವರು ಜೊಂಡು ನೋಡಿಕೊಂಡೇ ಹೋಗಲಿ ಅಂದ. ಆಮೇಲೆ ನನ್ನ ಕಡೆ ತಿರುಗಿ, ನಿಮ್ಮ ಜೀಪನ್ನೂ ಇಲ್ಲಿಂದ ಎಳೆಸಿ ಅಂದ. ತಲೆ ತಗ್ಗಿಸಿದೆ. ಕ್ರೇನು ಬಂತು. ಚಕ್ರಗಳ ಕೆಳಗೆ ಬಿದ್ದ ಕೆಸರನ್ನೆಲ್ಲ ಗುಡಿಸಿ, ಚೀಲಕ್ಕೆ ತುಂಬಿ, ಆ ಕಾಂಕ್ರೀಟಿನ ಮೇಲೆ ಕುದಿಯುವ ನೀರು ಸುರಿದೆ. ಟೀ ಕಾಯಿಸುವ ಪಾತ್ರೆಯಲ್ಲಿ, ನಲವತ್ತು ಸಲ. ಮಾವ ಒಲೆ ನೋಡಿಕೊಂಡ.

ಕತೆ ಇಲ್ಲಿಗೆ ಮುಗಿದಿದ್ದರೆ ನಿಮಗೆ ಖುಷಿಯಾಗುತ್ತಿತ್ತು. ನನಗೂ.

ಮರುದಿನ ದೊಡ್ಡ ಸಾಹೇಬರು ಲಾರಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಇಲಾಖೆಯ ಎಚ್ಚರಿಕೆಯಿಂದ ಅನಾಹುತ ತಪ್ಪಿತು ಅಂದರು. ಕತ್ತರಿಗೆ ಒಂದು ತಿಳಿವಳಿಕೆ ಪತ್ರ ಹೋಯಿತು. ಇನ್ನು ಮುಂದೆ ಜಾಗ್ರತೆಯಿಂದ ಇರತಕ್ಕದ್ದು ಅಂತ. ಸೀಲನ್ನು ದುರುಪಯೋಗ ಮಾಡಿದ್ದಕ್ಕೆ ಕೇಸು ಬಿದ್ದಿದ್ದು ಒಬ್ಬನ ಮೇಲೆ. ವಿಚಾರಣೆಯಲ್ಲಿ ಮಾವ ಎಲ್ಲ ಪ್ರಶ್ನೆಗೂ ಹೌದು ಅಂದ. ಬೆರಳಿನ ವಿಷಯ ನಾನು ಎತ್ತಿದೆ. ಸಾಕ್ಷಿ ಇದೆಯೇ ಅಂದರು. ಡ್ರಾಯರಿನ ಸಾಕ್ಷಿ ಎಲ್ಲಿಂದ ತರಲಿ? ಸೀಲು ಕೊಡದಿದ್ದರೆ ಕಟ್ಟೆ ಮುಚ್ಚುತ್ತೇವೆ ಅಂದ ಫೋನು ಸಾಹೇಬರಿಗೆ ನೆನಪೇ ಇರಲಿಲ್ಲ. ಕೊನೆಗೆ ಮಾವನ ವಿರುದ್ಧದ ಹೇಳಿಕೆಗೆ ತಪಾಸಣಾಧಿಕಾರಿಯ ಸಹಿ ಬೇಕಿತ್ತು.

ಹಾಕಿದೆ. ಬರೆದಿದ್ದೆಲ್ಲ ನಿಜವೇ ಆಗಿತ್ತು. ಅದೇ ಕಷ್ಟ.

ಕೆಲಸ ಹೋಯಿತು, ಕೋಣೆಯೂ ಹೋಯಿತು. ಅವನ ಮಂಚವನ್ನು ನನ್ನ ಮನೆಗೆ ತಂದೆ. ಹತ್ತು ದಿನ ನನ್ನ ಜೊತೆ ಮಾತಾಡಲಿಲ್ಲ. ಸಿಟ್ಟೋ ನಾಚಿಕೆಯೋ ತಿಳಿಯಲಿಲ್ಲ. ಬೆಳಗಾದರೆ ಪಾತ್ರೆಗಳನ್ನೆಲ್ಲ ಸದ್ದು ಮಾಡುತ್ತ ತೊಳೆಯುತ್ತಿದ್ದ. ಈಗಾಗಲೇ ತೊಳೆದವನ್ನೂ.

ಆದರೆ ಆ ನೋಟ್‌ಪುಸ್ತಕ ಕೆಲಸಕ್ಕೆ ಬಂತು. ಎಪ್ಪತ್ತಮೂರರಲ್ಲಿ ಮೇಲಿನ ಕೆರೆಗೆ ಹೋದವು ಹತ್ತೊಂಬತ್ತು. ವಿಚಾರಣೆ ನಡೆಯುತ್ತಿರುವಾಗಲೇ ಒಬ್ಬೊಬ್ಬರ ಮನೆಗೂ ಹೋಗಿ ದೋಣಿಯನ್ನು ಎಲ್ಲಿ ಇಳಿಸಿದಿರಿ, ಎಲ್ಲಿ ಕಟ್ಟಿದಿರಿ ಅಂತ ಕೇಳಿದೆ. ಮೂವರು ಬಾಗಿಲು ಮುಚ್ಚಿದರು. ಒಬ್ಬಳು ನಾಯಿ ಬಿಟ್ಟಳು. ಉಳಿದವರು ತೋರಿಸಿದರು. ಇಬ್ಬರು ಮುಳುಗುಗಾರರು ಒಂದೊಂದೇ ಜಾಗ ನೋಡುತ್ತ ಹೋದರು. ಹದಿನೈದು ದಿನ ಏನೂ ಇಲ್ಲ. ನನಗೂ ಸ್ವಲ್ಪ ನಿದ್ದೆ ಬರತೊಡಗಿತ್ತು.

ಹದಿನಾರನೇ ದಿನ ಒಬ್ಬ ಮೇಲೆ ಬಂದು ಬಾಯಿಂದ ನಳಿಗೆ ತೆಗೆದು, ಅಂಗೈ ಬಿಚ್ಚಿದ.

ಬಿಳಿ ನಕ್ಷತ್ರ.

ಎರಡು ಮಂಚದಷ್ಟು ಅಗಲದ ಪಾಚಿ. ಬಾಡಿಗೆ ದೋಣಿಗಳನ್ನು ಕಟ್ಟುವ ಗೂಟದ ಬುಡದಲ್ಲಿ. ಕತ್ತರಿಯ ಯಂತ್ರ ತಂದಿದ್ದಲ್ಲ, ನನ್ನ ಟೈರು ತಂದಿದ್ದೂ ಅಲ್ಲ. ಅಷ್ಟು ಬೇರುಬಿಡಲು ಒಂದು ತಿಂಗಳು ಸಾಲದು. ಮುಳುಗುಗಾರ ಹೇಳಿದ, ಇದು ಹೋದ ವರ್ಷದ್ದು ಅಂತ. ಬಾಯ್ಲರು ಬಿಸಿಯಾಗಿಯೇ ಇದ್ದಾಗಿನದು. ಯಾರೋ ಗೇಟನ್ನೇ ತಪ್ಪಿಸಿ, ರಾತ್ರಿಯೋ ಹಗಲೋ, ಒಂದು ಬಲೆಯನ್ನೋ ಒಂದು ಲಂಗರನ್ನೋ ತಂದಿದ್ದರು. ಅವರು ಯಾರು ಅಂತ ನನಗೆ ಯಾವತ್ತೂ ತಿಳಿಯುವುದಿಲ್ಲ.

ನಾನು ದಡದಲ್ಲಿ ಕೂತು ಕೈ ಚೆಲ್ಲಿದೆ. ನಿಜ ಹೇಳುತ್ತೇನೆ, ಅವತ್ತು ರಾಜೀನಾಮೆ ಬರೆಯಲು ಕಾಗದವನ್ನೂ ತೆಗೆದಿದ್ದೆ.

ಸಂಜೆ ಮನೆಯಲ್ಲಿ ಮಾವನಿಗೆ ಹೇಳಿದೆ. ಅವನು ಪಾತ್ರೆ ಉಜ್ಜುವುದನ್ನು ನಿಲ್ಲಿಸಿದ.

"ಎರಡು ಮಂಚದಷ್ಟೇನಾ?" ಅಂದ. ಹನ್ನೊಂದನೇ ದಿನದ ಮೊದಲ ಮಾತು.

"ಅಷ್ಟೇ."

"ಕಿತ್ತರೆ ಆಯ್ತು."

ಮರುದಿನದಿಂದ ಬಂದ. ಸಂಬಳವಿಲ್ಲ, ಸೀಲಿಲ್ಲ, ಇಲಾಖೆಯ ಕಡತದಲ್ಲಿ ಅವನು ಅಪರಾಧಿ. ಮುಳುಗುಗಾರರು ಬುಡಸಮೇತ ಕಿತ್ತು ಚೀಲಕ್ಕೆ ತುಂಬುತ್ತಾರೆ. ಮಾವ ದೋಣಿಯಲ್ಲಿ ಕೂತು ಆ ಕೆಸರನ್ನು ಜರಡಿ ಹಿಡಿಯುತ್ತಾನೆ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು. ಒಂದು ನಕ್ಷತ್ರ ಸಿಕ್ಕರೂ ಕೈಯೆತ್ತಿ ತೋರಿಸುತ್ತಾನೆ. ಕಿತ್ತ ಜಾಗಕ್ಕೆ ಕರಿ ಹಾಳೆ ಹಾಸಿ, ಮರಳುಚೀಲ ಹೇರಿ, ಬೆಳಕೇ ಬೀಳದ ಹಾಗೆ ಮುಚ್ಚಿದ್ದೇವೆ. ಐದು ತಿಂಗಳಾಯಿತು. ಹಾಳೆಯ ಹೊರಗೆ ಹೊಸದು ಕಂಡಿಲ್ಲ. ಇನ್ನೂ ಎರಡು ವರ್ಷ ಕಾಯಬೇಕು. ಗೆದ್ದಿರಾ ಅಂತ ಕೇಳಬೇಡಿ... ಈ ಕೆಲಸದಲ್ಲಿ ಯಾರೂ ಬಂದು ಗೆದ್ದಿರಿ ಅಂತ ಹೇಳುವುದಿಲ್ಲ.

ಮೊನ್ನೆ ಭಾನುವಾರ ಗೇಟಿಗೆ ಒಂದು ಕಾರು ಬಂತು. ಹಿಂದೆ ಕೆಂಪು ಬಣ್ಣದ ಪುಟ್ಟ ದೋಣಿ. ಗಂಡ, ಹೆಂಡತಿ, ಹಿಂದಿನ ಸೀಟಿನಲ್ಲಿ ಅತ್ತೆ. ಮೂವರಿಗೂ ನಗುಮುಖ. ತೊಳೆಸಿದ್ದೀರಾ ಅಂತ ಕೇಳಿದೆ.

"ತೊಳೆಯೋದೇನು ಮೇಡಂ, ಇದು ಹೊಸಾ ಬೋಟು," ಅಂದ ಗಂಡ. "ನಿನ್ನೆ ತಂದಿದ್ದು. ಇನ್ನೂ ನೀರೇ ಮುಟ್ಟಿಲ್ಲ."

ನಾನು ಬಗ್ಗಿ ತಳಕ್ಕೆ ಟಾರ್ಚು ಬಿಟ್ಟೆ.

ದೋಣಿ ಹೊಸದೇ ಇರಬಹುದು. ಅದರ ತಳದಲ್ಲಿ ತೆವಳುತ್ತಿದ್ದ ನೀರಿನ ಬಸವನಹುಳು ಮಾತ್ರ ಹಳೆಯದು.